ಎರಡು ಸಹಿಯ ರಾಜಿ

ಗಲ್ಫಿನ ಅಲ್ ನಹ್ದಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆ ಶುಕ್ರವಾರ ಸಂಜೆ ಮಗಳು ಊಟದ ಮೇಜಿನ ಮೇಲೆ ಅಮೆರಿಕದ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ಅವಳದು ಅಮೆರಿಕನ್ ಪಠ್ಯಕ್ರಮದ ಶಾಲೆ. ದೇಶ ಪಶ್ಚಿಮಕ್ಕೆ ಬೆಳೆದಂತೆಲ್ಲ ಹೊಸ ರಾಜ್ಯಗಳಲ್ಲಿ ಗುಲಾಮಗಿರಿ ಇರಬೇಕೇ ಬೇಡವೇ ಎಂದು ನಾಯಕರು ಚೌಕಾಶಿ ಮಾಡಿದ ಪಾಠ. ಮಿಸೌರಿಯಲ್ಲಿ ಇರಲಿ, ಅದಕ್ಕೆ ಸರಿದೂಗಿಸಲು ಮೇನ್‌ನಲ್ಲಿ ಬೇಡ. ಮುಂದೆ ಕ್ಯಾಲಿಫೋರ್ನಿಯಾ ಗುಲಾಮಗಿರಿಯಿಲ್ಲದೆ ಸೇರಿತು. ಬದಲಿಗೆ, ತಪ್ಪಿಸಿಕೊಂಡವರನ್ನು ಹಿಡಿದು ಒಡೆಯರಿಗೆ ಒಪ್ಪಿಸುವ ಕಾನೂನು ಬಿಗಿಯಾಯಿತು.

ಅದೇ ಹೊತ್ತಿಗೆ ನಮ್ಮ ಹಾಲ್‌ನಲ್ಲೂ ಒಂದು ರಾಜಿ ನಡೆದಿತ್ತು. ಮೇಲಿನ ಮಹಡಿಯಲ್ಲಿದ್ದ ಉಡುಪಿ ಕಡೆಯವರ ಮನೆಗೆಲಸದಾಕೆ ಬೆಳಿಗ್ಗೆ ಚೀಲ ಹಿಡಿದು ನಮ್ಮಲ್ಲಿಗೆ ಬಂದುಬಿಟ್ಟಿದ್ದಳು. ಎರಡು ವರ್ಷದ ಒಪ್ಪಂದ ಮುಗಿದಿತ್ತು. ಮಗಳ ಚೊಚ್ಚಲ ಹೆರಿಗೆಗೆ ಅವಳು ಕುಂದಾಪುರಕ್ಕೆ ಹೋಗಬೇಕಿತ್ತು. ಪಾಸ್‌ಪೋರ್ಟ್ ಯಜಮಾನರ ಕಪಾಟಿನಲ್ಲಿತ್ತು.

ಪಂಚಾಯ್ತಿಕೆಯ ಅಭ್ಯಾಸವನ್ನು ನಮ್ಮವರು ವಿಮಾನ ಹತ್ತುವಾಗ ಬಿಟ್ಟು ಬರುವುದಿಲ್ಲ. ಪೊಲೀಸ್ ಬೇಡ, ಹಿರಿಯರೊಬ್ಬರನ್ನು ಕೂರಿಸಿ ಮುಗಿಸೋಣ ಎಂದಾಯಿತು. ನಮ್ಮ ಕನ್ನಡ ಸಂಘದ ಹಿರಿಯರು ಬಂದರು.

"ನಾವೇನು ಅವಳಿಗೆ ಹೊಡೆದಿದ್ದೇವಾ ಅಣ್ಣ? ಬೇರೆ ಜನ ಸಿಗುವ ತನಕ ನಿಲ್ಲು ಅಂದದ್ದು, ಅಷ್ಟೆ," ಎಂದರು ಯಜಮಾನರು.

"ನೋಡು ಮಾರಾಯ, ನಿನ್ನದೂ ಸರಿ, ಅವಳದೂ ಸರಿ," ಎಂದರು ಹಿರಿಯರು. "ಇನ್ನೊಂದು ನಾಲ್ಕು ತಿಂಗಳು ನಿಲ್ಲಲಿ. ಪಾಸ್‌ಪೋರ್ಟ್ ನಿನ್ನಲ್ಲೂ ಬೇಡ, ಅವಳಲ್ಲೂ ಬೇಡ, ನನ್ನಲ್ಲಿರಲಿ. ಖಲಾಸ್." ಮತ್ತೆ ನನ್ನತ್ತ ತಿರುಗಿ, "ನೀವು ಪೇಪರಿನವರಲ್ಲವಾ, ಚೆಂದ ಮಾಡಿ ಬರೆಯಿರಿ."

ಬರೆದೆ. ಎರಡೂ ಕಡೆಯವರ ಮಾತಿಗೆ ಸಮ ಜಾಗ ಕೊಡುವುದು ನನ್ನ ಕಸುಬು. ಕೆಳಗೆ ಸಹಿಗೆ ಎರಡು ಗೆರೆ ಎಳೆದೆ: ಒಂದು ಯಜಮಾನರಿಗೆ, ಒಂದು ಹಿರಿಯರಿಗೆ.

ಮಗಳು ಬಗ್ಗಿ ನೋಡಿದಳು. "ಪಪ್ಪಾ, ವೇರ್ ಡಸ್ ಆಂಟಿ ಸೈನ್?"

"ಅವಳ ಪರವಾಗಿ ನಾನಿದ್ದೇನಲ್ಲ ಮಗಾ," ಎಂದು ಹಿರಿಯರು ನಕ್ಕರು. ಎಲ್ಲರೂ ನಕ್ಕರು.

ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಮುಂದಿನ ತಿಂಗಳೇ ದಿನ ತುಂಬುದು," ಎಂದಳು. ಯಜಮಾನರು ಸಹಿ ಹಾಕಿ ಎದ್ದರು. ಆಕೆ ಚೀಲ ಎತ್ತಿಕೊಂಡು ಯಜಮಾನರ ಹಿಂದೆ ಲಿಫ್ಟಿನತ್ತ ನಡೆದಳು. ನಾನು ಆ ಕಾಗದ ಹರಿಯಲಿಲ್ಲ. ಮೂರನೆಯ ಗೆರೆಯನ್ನೂ ಎಳೆಯಲಿಲ್ಲ. ಒಂದು ಅಕ್ಷರದೋಷ ಕಂಡಿತು, ತಿದ್ದಿದೆ. ಆ ತಿದ್ದುಪಡಿ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಆಕೆಗೆ ಮೊಮ್ಮಗಳು ಹುಟ್ಟಿದ ದಿನ ಮೇಲಿನ ಮನೆಯವರು ಎಲ್ಲ ಫ್ಲ್ಯಾಟಿಗೂ ಲಡ್ಡು ಹಂಚಿದರು. ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದವಳು ಅವಳೇ.