ನನಗೆ ನಾನೇ ‘ರಿ’

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ನನ್ನ ಕೊರಿಯನ್ ಪಾಠ ಶುರುವಾಗುತ್ತಿತ್ತು. ಕೊರಿಯಾದಲ್ಲಿ ಆಗ ಒಂಬತ್ತೂವರೆ. ಲ್ಯಾಪ್‌ಟಾಪಿನಲ್ಲಿ ನನಗಿಂತ ಚಿಕ್ಕವಳಾದ ಕೊರಿಯಾದ ಶಿಕ್ಷಕಿ. ಹಿಂದೆ ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಕೊರಿಯಾದ ಸಣ್ಣ ಊರೊಂದರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ನನಗೆ ಬಹುತೇಕ ಸಿಕ್ಕಿತ್ತು. ಕರಾರು ಒಂದೇ: ಉಪಮುಖ್ಯೋಪಾಧ್ಯಾಯರ ಜೊತೆ ಐದು ನಿಮಿಷ ಅವರ ಭಾಷೆಯಲ್ಲಿ ಮಾತಾಡಿ ತೋರಿಸಬೇಕು.

ಲಿಪಿ ಒಂದು ವಾರದಲ್ಲಿ ಬಂತು. ಕ್ರಿಯಾಪದ ವಾಕ್ಯದ ಕೊನೆಗೆ, ನಮ್ಮಂತೆಯೇ. ಕೆಡಿಸಿದ್ದು ‘ಸೆಯೊ’. ‘ಕಸೆಯೊ’ ಎಂದರೆ ಹೋಗ್ರಿ, ‘ಓಸೆಯೊ’ ಎಂದರೆ ಬರ್ರಿ. ಮೊದಲ ದಿನವೇ ಡೈರಿಯಲ್ಲಿ ‘ಸೆಯೊ ಅಂದರೆ ರಿ’ ಎಂದು ಬರೆದು ಅಡಿಗೆರೆ ಎಳೆದೆ. ನಮ್ಮ ‘ರಿ’ ಎಲ್ಲದಕ್ಕೂ ಹತ್ತುತ್ತದೆ: ಹೋಗ್ರಿ, ನಾ ಹೋಕ್ಕೇನ್ರಿ, ಹೌದ್ರಿ. ಹಾಗಾಗಿ ‘ನಾನು ಹೋಗುತ್ತೇನೆ’ ಎನ್ನಲೂ ‘ಕಸೆಯೊ’ ಅಂದೆ. ಶಿಕ್ಷಕಿ ಬಾಯಿಗೆ ಕೈ ಅಡ್ಡ ಹಿಡಿದಳು. ‘ಸೆ’ ಎದುರಿನವರ ಕೆಲಸಕ್ಕೆ ಕೊಡುವ ಗೌರವ. ನನ್ನ ಕೆಲಸಕ್ಕೆ ಬರೀ ‘ಕಯೊ’ ಸಾಕು. ನಾನು ಇಷ್ಟು ಹೊತ್ತೂ ‘ನಾನು ದಯಮಾಡಿಸುತ್ತೇನೆ’ ಎನ್ನುತ್ತಿದ್ದೆ.

ನನಗೆ ತಿಳಿಯಿತು, ನಾಲಿಗೆಗೆ ತಿಳಿಯಲಿಲ್ಲ. ತಪ್ಪಿದಾಗಲೆಲ್ಲ ಡೈರಿಯ ಅಂಚಿಗೆ ಒಂದು ಗೆರೆ. ಸೋಮವಾರ ಒಂಬತ್ತು. ಬುಧವಾರ ಏಳು. ಶುಕ್ರವಾರ ಹನ್ನೆರಡಾದಾಗ ಪೆನ್ನನ್ನು ಗೋಡೆಗೆ ಎಸೆದೆ.

“ಏನಾತವಾ?” ಅವ್ವ ಹಿಟ್ಟಿನ ಕೈಯಲ್ಲೇ ಬಂದಳು.

“ನನಗ ನಾನ ರಿ ಹಚ್ಚಿಕೊಳ್ಳಾಕತ್ತೇನಿ.”

“ಇನ್ನೂ ವಿಮಾನ ಹತ್ತಿಲ್ಲ, ಆಗ್ಲೇ ದೊಡ್ಡಾಕಿ ಆದಿ ಅನ್ನು. ನಾಷ್ಟಾ ಮಾಡ್ತೀರೇನ್ರಿ ಅಕ್ಕೋರ?”

ಅಂದಿನಿಂದ ತಾರಿಹಾಳದ ಕಾರ್ಖಾನೆಗೆ ಹೊರಡುವ ಅಪ್ಪನೂ “ಬರ್ತೇನ್ರಿ ಅಕ್ಕೋರ” ಎನ್ನತೊಡಗಿದ, ಶಾಲೆಯ ಟೀಚರನ್ನು ಕರೆಯುವಂತೆ. ನನಗೆ ನಗು ಬರಲಿಲ್ಲ.

ಸಂದರ್ಶನದ ದಿನ ಲ್ಯಾಪ್‌ಟಾಪಿನ ಮುಂದೆ, ಆ ‘ಸೆ’ ಬಾಯಿಂದ ಜಾರದಂತೆ ಕಾಯುತ್ತ ಕೂತೆ. ನಾನು ಹುಬ್ಬಳ್ಳಿಯವಳು, ಇಂಗ್ಲಿಷ್ ಕಲಿಸುತ್ತೇನೆ, ಫೆಬ್ರವರಿಯಲ್ಲಿ ಬರುತ್ತೇನೆ. ಒಂದೂ ತಪ್ಪಲಿಲ್ಲ. ಬಿಳಿಗೂದಲಿನ ಉಪಮುಖ್ಯೋಪಾಧ್ಯಾಯರು ತಲೆಯಾಡಿಸಿ, ಏನಾದರೂ ಕೇಳುವುದಿದೆಯೇ ಅಂದರು. ಅದಕ್ಕೆ ನಾನು ಏನೂ ತಯಾರಿ ಮಾಡಿರಲಿಲ್ಲ. ಮನೆಗೆ ಬಂದವರನ್ನು ಕೇಳುವ ‘ಊಟ ಆತ್ರಿ?’ ಎಂಬುದೇ ಬಾಯಿಗೆ ಬಂತು. ತಿಂಗಳಿಡೀ ಗೌರವವನ್ನು ಕಿತ್ತುಹಾಕಿದ ನಾಲಿಗೆ ಅದನ್ನು ಓರಗೆಯವರನ್ನು ಕೇಳುವಂತೆ ಕೇಳಿತು: “ಪಪ್ ಮೊಗೊಸ್ಸೊಯೊ?” ಅಲ್ಲಿ ಹಿರಿಯರ ಊಟಕ್ಕೆ ಕ್ರಿಯಾಪದವೇ ಬೇರೆ. ಅದೂ ನನಗೆ ಗೊತ್ತಿತ್ತು.

ಅವರು “ಮೊಗೊಸ್ಸೊಯೊ” ಅಂದರು. ತಮ್ಮ ಊಟಕ್ಕೆ ಅವರು ಬಳಸಿದ್ದೂ ಅದೇ ಸಾದಾ ಶಬ್ದ. ಉಂಡೇನ್ರಿ.

ಕೆಲಸ ಕೊಟ್ಟರು. ಪತ್ರದ ಕೊನೆಯಲ್ಲಿ, ಹಿರಿಯರೊಡನೆ ಮಾತಾಡುವ ರೀತಿಯನ್ನು ಕಲಿತು ಬನ್ನಿ ಎಂಬ ಸಾಲಿತ್ತು. ಹುಟ್ಟಿದಾಗಿನಿಂದ ಕಂಡವರಿಗೆಲ್ಲ ರಿ ಹಚ್ಚಿದವಳಿಗೆ ಈ ಮಾತು. ಡೈರಿಯಲ್ಲಿ ಹೊಸ ಅಂಕಣ ಎಳೆದು ‘ಹಚ್ಚಬೇಕಾದಲ್ಲಿ ಹಚ್ಚದ್ದು’ ಎಂದು ಬರೆದೆ. ಕೆಳಗೆ ಮೊದಲ ಗೆರೆ ಹಾಕಿದಾಗ ಪೆನ್ನಿನ ಒತ್ತು ಅಡಿಯ ಹಾಳೆಯಲ್ಲೂ ಮೂಡಿತು.