ಹೊಳಲ್ಕೆರೆಯ ಉಲ್ಟಾ ಥ್ರೆಡ್ಡು

ಈ ಜಿಲ್ಲೆಯಲ್ಲಿ ರೇಸ್ ಸೈಕಲ್ ರಿಪೇರಿಗೆ ನನ್ನನ್ನು ಮೀರಿಸಿದವರಿಲ್ಲ. ಸುಳ್ಳು, ನನಗೆ ಪಂಕ್ಚರ್ ಹಾಕೋಕೂ ಬರಲ್ಲ.

ಹೊಳಲ್ಕೆರೆಯ ಸೈಕಲ್ ಅಂಗಡಿಯಲ್ಲಿ ಒಬ್ಬ ಹುಡುಗ ತನ್ನ ಹಳೇ ರೇಸ್ ಸೈಕಲ್ಲಿಗೆ ಪೆಡಲಿನ ಹೊಸ ಕ್ರ್ಯಾಂಕು, ಬೇರಿಂಗು ಹಾಕಿಸುತ್ತಿದ್ದ. ಮಾರನೇ ದಿನ ಹಿರಿಯೂರಲ್ಲಿ ಅವನಿಗೆ ರೇಸು. ಬಲಗಡೆ ಬೇರಿಂಗ್ ಹಿಡಿದಿಡುವ ಹಳೇ ತಿರುಪಿನ ಕಪ್ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಂಗಡಿಯ ಮೇಸ್ತ್ರಿಯನ್ನು ಆಟ ಆಡಿಸಲು, "ಉಲ್ಟಾ ತಿರುಗಿಸ್ರಿ ಯಜಮಾನ್ರೇ" ಅಂದೆ. ತಿರುಗಿಸಿದರು, ಬಿಚ್ಚಿಕೊಂಡಿತು. ಆ ಕಡೆ ಥ್ರೆಡ್ಡೇ ಉಲ್ಟಾ ಅಂತೆ, ನನಗೇನು ಗೊತ್ತು?

ಹುಡುಗ ಕೈ ಮುಗಿದು ಟೀ ತರಿಸಿದ. ಮೇಸ್ತ್ರಿ ಸ್ಟೂಲು ಎಳೆದು, "ಕುಂತ್ಕಳ್ರಿ ಗುರುಗಳೇ, ಎಡಗಡೇದು ಯಾವ ಕಡೆ ತಿರುಗಿಸಾಣ?" ಅಂದರು.

ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಬಸ್ ಬಂತು" ಅಂತ ಟೀ ಮುಟ್ಟದೆ ಓಡಿದೆ. ಅವನು ರೇಸಿಗೆ ಹೋದನೋ ಇಲ್ಲವೋ, ಕೇಳೋ ಮುಖ ನನಗಿಲ್ಲ.

ಸುಳ್ಳು ಹೇಳಿ ಎಷ್ಟೋ ಟೀ ಕುಡಿದಿದ್ದೀನಿ, ಅಕಸ್ಮಾತ್ತಾಗಿ ನಿಜ ಹೇಳಿದ್ದಕ್ಕೆ ಬಂದ ಒಂದನ್ನೇ ಬಿಟ್ಟು ಬಂದೆ. ಇವತ್ತಿನ ಟೀ ದುಡ್ಡು ನೀವೇ ಕೊಟ್ಟುಬಿಡ್ರಿ.