ಬಿಚ್ಚಬಾರದ ಹಗ್ಗ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾಮರಾಜಪೇಟೆಯ ಹಿಂಬದಿಯ ಹಳೇ ಕೆರೆ ದಂಡೆಯಲ್ಲಿ ಪಿಳ್ಳಮ್ಮ ತಮ್ಮ ಸೊಸೆ ಯಮುನಾಳ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದಾರೆ. ಇನ್ನೊಂದು ತುದಿ ಹೊಂಗೆ ಮರಕ್ಕೆ. ಗಂಟನ್ನು ಒಮ್ಮೆ ಜಗ್ಗಿ ನೋಡಿ, ಸಮಾಧಾನವಾಗದೆ ಮತ್ತೆ ಜಗ್ಗುತ್ತಾರೆ. ಆಮೇಲಷ್ಟೇ ಯಮುನಾ ಕುಡುಗೋಲು ಹಿಡಿದು ಇಳಿಯುತ್ತಾಳೆ. ಹುಲ್ಲು ಕೊಯ್ಯುವುದಕ್ಕೆ ಹಗ್ಗ ಯಾಕಮ್ಮಾ ಎಂದು ನಾನು ಕೇಳಿದರೆ ಪಿಳ್ಳಮ್ಮ ಮರದ ಕಡೆಯ ಗಂಟನ್ನೂ ಜಗ್ಗಿ ನೋಡುತ್ತಾರೆ.

ಇದು ನೀರುಹುಲ್ಲು. ದಂಡೆಯಲ್ಲಿ ಬೇರೂರಿ ನೀರಿನ ಮೇಲಕ್ಕೆ ಹಬ್ಬುತ್ತದೆ, ಗೆಣ್ಣು ಗೆಣ್ಣಿಗೂ ಹೊಸ ಬೇರು. ಬಿಸಿಲು ಬೇಕು, ಬುಡದಲ್ಲಿ ಸದಾ ಕೆಸರು ಬೇಕು. ನಮ್ಮ ಮನೆಗಳ ಕೊಳಚೆ ಬಂದು ಬೀಳುವ ಮೋರಿಯ ಬಾಯಲ್ಲಂತೂ ಅದಕ್ಕೆ ಹಬ್ಬ. ಕೊಯ್ದ ಇಪ್ಪತ್ತು ದಿನಕ್ಕೆ ಮತ್ತೆ ಸೊಂಟದೆತ್ತರ. ಶುಕ್ರವಾರ ಬಸವನಗುಡಿಯ ದೇವಸ್ಥಾನದ ಮುಂದೆ ಇದನ್ನೇ ಕೊಂಡು ಹಸುವಿಗೆ ತಿನ್ನಿಸಿ, ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಹೊರೆ ಹೊತ್ತ ಪಿಳ್ಳಮ್ಮ ಪಕ್ಕದಲ್ಲಿ ಹಾದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಪುಣ್ಯ ನಮಗೆ, ಗಬ್ಬು ಅವರಿಗೆ!

ಪಿಳ್ಳಮ್ಮನ ಪಾದದ ಹುಣ್ಣುಗಳು ಮಾಯುವುದೇ ಇಲ್ಲ. ಮಂಡಿ ಹೋದ ಮೇಲೆ ನೀರಿಗಿಳಿಯುವ ಕೆಲಸ ಸೊಸೆಗೆ ಬಂದಿದೆ. ಮಗ ಆಟೋ ಓಡಿಸುತ್ತಾನೆ. ಅವನ ದುಡಿಮೆ ಬಾಡಿಗೆಗೆ, ಹುಲ್ಲಿನದು ಊಟಕ್ಕೆ.

ಮೊದಲು ಕೊಯ್ಯುತ್ತಿದ್ದವರು ಪಿಳ್ಳಮ್ಮನ ಗಂಡ ಮುನಿರಾಮಪ್ಪ. ಆಗ ಇದ್ದದ್ದು ಒಂದೇ ಹಗ್ಗ. ಇಳಿಯುವಾಗ ಸೊಂಟಕ್ಕೆ, ಕೊಯ್ದಾದ ಮೇಲೆ ಹೊರೆಗೆ. ಎರಡು ವರ್ಷದ ಹಿಂದೆ ಆಷಾಢದ ಒಂದು ಬೆಳಗ್ಗೆ ಹೊರೆ ಕಟ್ಟಲೆಂದು ಸೊಂಟದ ಹಗ್ಗ ಬಿಚ್ಚಿದ್ದಾರೆ. ಹೊರೆ ದಂಡೆಗೆ ತಂದಿಟ್ಟ ಮೇಲೆ, ಇನ್ನೊಂದು ಹಿಡಿ ಇರಲಿ ಎಂದು ವಾಪಸು ಹೋಗಿದ್ದಾರೆ.

“ಮೇಲೆ ನೋಡಿದ್ರೆ ಗದ್ದೆ ತರ ಇರ್ತದೆ ಸಾರ್, ಕೆಳಗೆ ಆಳುದ್ದ ನೀರು. ನಾನು ಇಲ್ಲೇ ಹುಲ್ಲು ಒದರ್ತಾ ಇದ್ದೆ. ತಿರುಗಿ ನೋಡೋಷ್ಟರಲ್ಲಿ ಹುಲ್ಲು ಮುಚ್ಕೊಂಡಿತ್ತು.”

ಆ ಜಾಗ ಯಾವುದೆಂದು ನಾನು ಕೇಳಿಲ್ಲ. ಪಿಳ್ಳಮ್ಮನೇ ಸೊಸೆಯತ್ತ ಕೈ ತೋರಿಸುತ್ತಾರೆ.

“ಅಲ್ಲೇ. ಹುಲ್ಲು ಚೆನ್ನಾಗಿ ಬರೋದೂ ಅಲ್ಲೇ. ಬಿಟ್ಟು ಎಲ್ಲಿಗೆ ಹೋಗ್ಲಿ?”

ಈಗ ಹೊರೆಗೆ ಬೇರೆ ಹಗ್ಗವಿದೆ. ಆದರೆ ಇವತ್ತು ಅದು ಕಟ್ಟುವಾಗಲೇ ಕಿತ್ತುಹೋಗುತ್ತದೆ. ನಾಲ್ಕು ಹಸು ಸಾಕಿರುವ ವೇಣುಗೋಪಾಲ್ ಗಾಡಿ ನಿಲ್ಲಿಸಿಕೊಂಡು ಬೇಗ ಬೇಗ ಅನ್ನುತ್ತಿದ್ದಾರೆ. ಕೊಯ್ದ ಹುಲ್ಲು ಅರ್ಧ ಆಗಲೇ ನೀರಿನಲ್ಲಿ ತೇಲಿ ದೂರ ಸರಿಯುತ್ತಿದೆ. ಯಮುನಾಳ ಕೈ ಸೊಂಟದ ಗಂಟಿಗೆ ಹೋಗುತ್ತದೆ.

ಪಿಳ್ಳಮ್ಮ ಮಂಡಿ ಮರೆತು ಕೆಸರಿಗೆ ಇಳಿದೇಬಿಟ್ಟಿದ್ದಾರೆ. “ಯಮುನಾ, ಕೈ ತೆಗಿ. ಹೋದ್ರೆ ಹೋಗ್ಲಿ, ಬಾ ಮೇಲಕ್ಕೆ.”

ವೇಣುಗೋಪಾಲ್ ಗೊಣಗುತ್ತಾ ಖಾಲಿ ಗಾಡಿಯಲ್ಲಿ ಹೊರಡುತ್ತಾರೆ. ದಂಡೆ ಹತ್ತಿ ಬಂದ ಸೊಸೆಯ ಗಂಟನ್ನು ಪಿಳ್ಳಮ್ಮ ತಾವೇ ಬಿಚ್ಚುತ್ತಾರೆ. ಇವತ್ತಿನ ಊಟ ಹೋಯಿತಲ್ಲ ಎಂದು ನಾನು ಪೇಚಾಡಿದರೆ ನನ್ನನ್ನೇ ಸಮಾಧಾನ ಮಾಡುತ್ತಾರೆ.

“ಹುಲ್ಲಿಂದೇನು ಸಾರ್. ಇಪ್ಪತ್ತು ದಿನಕ್ಕೆ ಮತ್ತೆ ಬರ್ತದೆ.”